ನಮ್ಮ ಲೈನಿನವರ ಫಂಕ್ಷನ್

ಕೊರೊನಾ ಕಳೆದು ಕಾನ್ಫರೆನ್ಸ್‌ಗಳು ಮತ್ತೆ ಹಾಲ್‌ಗಳಲ್ಲಿ ನಡೆಯತೊಡಗಿದ ವರ್ಷ ಅದು. 2022 ಎಂದು ನಾನು ಹೇಳುತ್ತೇನೆ, ನನ್ನ ಗಂಡ ಅದರ ಮುಂದಿನ ವರ್ಷ ಎನ್ನುತ್ತಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ಆ ವಾರ ಯಾಕೋ ಏನನ್ನೂ ಬರೆದಿಲ್ಲ. ಹಾಗಾಗಿ ಇಲ್ಲಿರುವುದೆಲ್ಲ ನೆನಪಿನಿಂದ ಬರೆದದ್ದು. ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ ಎಂದು ನನಗೆ ಗೊತ್ತಿರುವುದರಿಂದ, ಅನುಮಾನ ಬಂದ ಕಡೆ ಅದನ್ನೂ ಹೇಳಿಬಿಡುತ್ತೇನೆ.

ನಾನು ಕಂಪ್ಯೂಟರ್ ಪ್ರೋಗ್ರಾಮಿಂಗ್ ಬಗ್ಗೆ ಪುಸ್ತಕ ಬರೆಯುವವಳು. ಎಂ.ಎಸ್ಸಿ. ಮುಗಿಸಿ ಕೆಲವು ವರ್ಷ ಒಂದು ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸ ಮಾಡಿದೆ. ಅಲ್ಲಿ ಹೊಸದಾಗಿ ಸೇರಿದವರಿಗೆಂದು ಬರೆದ ಟಿಪ್ಪಣಿಗಳೇ ಮೊದಲ ಪುಸ್ತಕವಾದವು. ಪುಸ್ತಕ ಬಂದ ಮೇಲೆ ಅದರ ಬಗ್ಗೆ ಮಾತನಾಡಲು ಕರೆದರು. ಒಂದು ಕಡೆ ಮಾತನಾಡಿದ್ದನ್ನು ಕೇಳಿದವರು ಇನ್ನೊಂದು ಕಡೆಗೆ ಕರೆದರು. ಹೀಗೆ ಬರೆಯುವುದೂ ಮಾತನಾಡುವುದೂ ಸೇರಿ ಒಂದು ಉದ್ಯೋಗವೇ ಆಗಿಹೋಯಿತು. ಪುಣೆ, ಹೈದರಾಬಾದ್, ಒಂದೆರಡು ಸಲ ಹೊರದೇಶ. ಎಲ್ಲ ಕಡೆಯೂ ಒಂದೇ ಥರದ ಹಾಲ್, ಕೊರಳಲ್ಲಿ ಹೆಸರಿನ ಪಟ್ಟಿ, ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಬೇರೇನೋ ಕೆಲಸ ಮಾಡುತ್ತಿರುವ ಹುಡುಗರು. ಮಾತು ಮುಗಿದ ಮೇಲೆ ಚಪ್ಪಾಳೆ, ಕಾಫಿ. ನಾನು ಹೇಳಿದ್ದರಲ್ಲಿ ಯಾರಿಗೆ ಏನು ಉಳಿಯಿತೋ ನನಗೆ ಎಂದೂ ತಿಳಿದದ್ದಿಲ್ಲ.

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನನ್ನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಳಮನೆಯ ಆಂಟಿ ಬಹಳ ದಿನ ನಾನು ಟೀವಿ ಪ್ರೋಗ್ರಾಮ್ ಬರೆಯುತ್ತೇನೆ ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಆ ವರ್ಷ ನನ್ನದೊಂದು ಕನ್ನಡ ಪುಸ್ತಕ ರಾಜಾಜಿನಗರದ ಸಣ್ಣ ಪ್ರೆಸ್ಸೊಂದರಲ್ಲಿ ಅಚ್ಚಾಗುತ್ತಿತ್ತು. ಪ್ರೋಗ್ರಾಮಿನೊಳಗೆ ಒಂದು ನಿರ್ದಿಷ್ಟ ಕೆಲಸವನ್ನು ಮಾಡುವ ತುಂಡಿಗೆ ನಾವು ಫಂಕ್ಷನ್ ಎನ್ನುತ್ತೇವೆ. ಆ ಪದಕ್ಕೆ ಕನ್ನಡದಲ್ಲಿ ಏನೇನೋ ಹುಡುಕಿ, ಯಾವುದೂ ಹುಡುಗರ ಬಾಯಿಗೆ ಹತ್ತುವುದಿಲ್ಲ ಅನ್ನಿಸಿ, ಕೊನೆಗೆ ಫಂಕ್ಷನ್ ಎಂದೇ ಬಿಟ್ಟಿದ್ದೆ. ಪುಸ್ತಕದ ಹೆಸರು ‘ಒಳ್ಳೆಯ ಫಂಕ್ಷನ್ ಬರೆಯುವುದು ಹೇಗೆ?’ ಕನ್ನಡದಲ್ಲಿ ಫಂಕ್ಷನ್ ಅಂದರೆ ನಾಮಕರಣ, ಸೀಮಂತ, ಗೃಹಪ್ರವೇಶ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ನಗೆಯಾಡಿ ಸುಮ್ಮನಾಗುತ್ತಿದ್ದೆನೋ ಏನೋ.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಮೇಡಂ, ನೀವು ಫಂಕ್ಷನ್ ಬಗ್ಗೆ ಮಾತಾಡೋ ಮೇಡಂ ಅಲ್ವಾ?”

“ಹೌದು, ಹೇಳಿ.”

“ನಾನು ರತ್ನ ಅಂತ. ಪ್ರೆಸ್ ಅಂಕಲ್ ನಿಮ್ಮ ನಂಬರ್ ಕೊಟ್ರು. ಈ ಭಾನ್ವಾರ ಮಾರೇನಹಳ್ಳೀಲಿ ನಮ್ದೊಂದು ಪ್ರೋಗ್ರಾಮ್ ಐತೆ. ನೀವು ಬಂದು ನಾಕ್ ಮಾತು ಆಡ್ಬೇಕು.”

“ಯಾರೆಲ್ಲ ಬರ್ತಾರೆ?”

“ಎಲ್ಲಾ ನಮ್ ಲೈನ್‌ನವ್ರೇ ಮೇಡಂ. ಲೇಡೀಸೇ ಜಾಸ್ತಿ.”

ನಮ್ಮ ಲೈನ್ ಎಂದರೆ ನಮ್ಮ ಕಸುಬು ಎಂದುಕೊಂಡೆ. ಸಾಫ್ಟ್‌ವೇರ್ ಕೆಲಸದ ಹೆಣ್ಣುಮಕ್ಕಳು ಅಲ್ಲಲ್ಲಿ ಗುಂಪು ಕಟ್ಟಿಕೊಂಡು ಭಾನುವಾರ ಸೇರುತ್ತಾರೆ. ಅಂಥದೊಂದು ಗುಂಪು ನಮ್ಮ ಪಶ್ಚಿಮ ಬೆಂಗಳೂರಿನಲ್ಲೂ ಇದೆಯೆಂದು ಖುಷಿಯೇ ಆಯಿತು. ಯಾವ ಮಟ್ಟದಲ್ಲಿ ಮಾತನಾಡಲಿ ಎಂದು ಕೇಳಿದೆ.

“ಸಿಂಪಲ್ಲಾಗಿ ಮೇಡಂ, ಕನ್ನಡದಲ್ಲೇ. ಇಂಗ್ಲಿಷ್ ಜಾಸ್ತಿ ಬ್ಯಾಡ.”

“ಸ್ಕ್ರೀನ್, ಪ್ರೊಜೆಕ್ಟರ್ ಎಲ್ಲ ಇದೆಯಾ?”

“ಎಲ್ಲಾ ಐತೆ ಮೇಡಂ. ಮೈಕು, ಸ್ಟೇಜು, ಊಟ, ಏನೂ ಕಮ್ಮಿ ಇಲ್ಲ.”

ಈ ಸಂಭಾಷಣೆ ಇಷ್ಟು ಅಚ್ಚುಕಟ್ಟಾಗಿ ನಡೆದಿರಲಿಕ್ಕಿಲ್ಲ. ಹಲವರಿಗೆ ಹೇಳಿ ಹೇಳಿ ನಾನೇ ಒಪ್ಪ ಮಾಡಿರಬೇಕು. ಆದರೆ ‘ನಮ್ ಲೈನ್‌ನವ್ರೇ’ ಎಂಬ ಮಾತು ಮಾತ್ರ ಅವರದ್ದೇ. ಅದನ್ನು ನಾನು ಕಟ್ಟಿಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್, ವೈರುಗಳು ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಆಟೋದಲ್ಲಿ ಮಾರೇನಹಳ್ಳಿಗೆ ಹೋದೆ. ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ ಒಂದು ಹಾಲ್. ಮೆಟ್ಟಿಲ ಬುಡದಲ್ಲಿ ರಂಗೋಲಿ, ಬಾಗಿಲಲ್ಲಿ ಬಾಳೆಕಂದು. ರೇಷ್ಮೆ ಲಂಗದ ಹುಡುಗಿಯೊಬ್ಬಳು ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಟ್ಟಳು. ಬೇರೆ ಯಾರದೋ ಮದುವೆಯ ಹಾಲಿಗೆ ಬಂದೆನೇನೋ ಎಂದು ತಿರುಗುವಷ್ಟರಲ್ಲಿ ಒಳಗೆ ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸ್ ಕಾಣಿಸಿತು. ಅದರಲ್ಲಿ ನನ್ನ ಹೆಸರಿತ್ತು: ‘ಮುಖ್ಯ ಅತಿಥಿಗಳು, ಖ್ಯಾತ ಫಂಕ್ಷನ್ ಬರಹಗಾರ್ತಿ ಶ್ರೀಮತಿ ವಸುಧಾ.’ ಹೆಸರು ಕಂಡಿದ್ದರಿಂದ ಸರಿಯಾದ ಜಾಗಕ್ಕೇ ಬಂದಿದ್ದೇನೆ ಎಂದು ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಅದರ ಮೇಲಿದ್ದ ದೊಡ್ಡ ಅಕ್ಷರ ಓದಿದೆ: ‘ನಮ್ಮ ಪ್ರೀತಿಯ ಶಾಂತಮ್ಮನವರಿಗೆ ಬೀಳ್ಕೊಡುಗೆ ಸಮಾರಂಭ.’ ಪಕ್ಕದಲ್ಲಿ ದೊಡ್ಡ ಕುಂಕುಮ ಇಟ್ಟ, ನಗದ ಮುಖದ ಹೆಂಗಸೊಬ್ಬರ ಫೋಟೋ.

ಮಲ್ಲಿಗೆ ಮುಡಿದ ಮೂವತ್ತರ ಆಸುಪಾಸಿನ ಹೆಂಗಸು ಓಡಿಬಂದು ಕೈಮುಗಿದಳು. ಅವಳೇ ರತ್ನ.

“ಬನ್ನಿ ಮೇಡಂ, ಬನ್ನಿ. ಟೈಮಿಗೆ ಸರ್ಯಾಗಿ ಬಂದ್ರಿ.”

“ಪ್ರೊಜೆಕ್ಟರ್ ಎಲ್ಲಿದೆ?” ಎಂದೆ.

“ಅದ್ಯಾಕೆ ಮೇಡಂ? ವೀಡಿಯೋದವ್ರು ಬಂದವ್ರಲ್ಲ?”

ಅವಳನ್ನು ಪಕ್ಕಕ್ಕೆ ಕರೆದು, ನಾನು ಕಂಪ್ಯೂಟರ್ ಪ್ರೋಗ್ರಾಮ್ ಬಗ್ಗೆ ಬರೆಯುವವಳು, ಫಂಕ್ಷನ್ ಅಂದರೆ ಅದರೊಳಗಿನ ಒಂದು ಭಾಗ, ಇಂಥ ಸಮಾರಂಭ ಅಲ್ಲ ಎಂದು ವಿವರಿಸಿದೆ. ರತ್ನ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಂದ್ರೆ ನೀವು ಫಂಕ್ಷನ್ ನಡ್ಸೋರಲ್ವಾ?”

“ಅಲ್ಲ.”

“ಪುಸ್ತಕದ ಮ್ಯಾಲೆ ಬರ್ದಿತ್ತಲ್ಲ ಮೇಡಂ, ಒಳ್ಳೆ ಫಂಕ್ಷನ್ ಅಂತ! ಫ್ಲೆಕ್ಸ್ ಮಾಡ್ಸಕ್ಕೆ ಪ್ರೆಸ್ಸಿಗೆ ಹೋದಾಗ ಅಲ್ಲೇ ಕಟ್ಟಿ ಇಟ್ಟಿದ್ರು. ದೇಶ ವಿದೇಶದಲ್ಲೆಲ್ಲ ಭಾಷಣ ಮಾಡವ್ರೆ ಅಂದ್ರು ಅಂಕಲ್ಲು. ನಮ್ ಅಕ್ಕನ ಪುಣ್ಯ ಅಂದ್ಕಂಡೆ.”

ನನಗೆ ನಗು ಬಂದಿತ್ತು. ಅವಳಿಗೆ ಬಂದಿರಲಿಲ್ಲ. ಹಾಗಾಗಿ ನಾನೂ ನಗಲಿಲ್ಲ. ಇವರೆಲ್ಲ ಯಾರು ಎಂದು ಕೇಳಿದೆ. ಮಾಗಡಿ ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸಿನವರು. ಅಲ್ಲಿ ಶರ್ಟು ಹೊಲಿಯುವ ಮಿಷನ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಆ ಒಂದೊಂದು ಸಾಲಿಗೂ ಲೈನ್ ಎನ್ನುತ್ತಾರೆ. ಶಾಂತಮ್ಮ ಆ ಲೈನಿನ ಹಿರಿಯರು. ವಯಸ್ಸಾಯಿತೆಂದು ಹಿಂದಿನ ತಿಂಗಳು ಅವರನ್ನು ಕೆಲಸದಿಂದ ಬಿಡಿಸಿದ್ದರು.

“ಕೊನೇ ದಿನ ಗೇಟಲ್ಲಿ ಐಡಿ ಕಾರ್ಡ್ ಇಸ್ಕಂಡ್ರು ಮೇಡಂ, ಅಷ್ಟೇ. ಒಂದ್ ಹಾರ ಇಲ್ಲ, ಹೋಗ್ಬಾರಮ್ಮಾ ಅಂತ ಒಂದು ಮಾತಿಲ್ಲ. ಅಕ್ಕ ಬಸ್‌ಸ್ಟ್ಯಾಂಡಿನ ತಂಕ ತುಟಿ ಬಿಚ್ಲಿಲ್ಲ. ಅದಕ್ಕೇ ನಾವೇ ಮಾಡೋಣ ಅಂತ ಹೊಂಟ್ವಿ. ಅಕ್ಕ ಒಪ್ಲೇ ಇಲ್ಲ. ನನ್ ಮೊಕ ನೋಡಕ್ಕೆ ಯಾರ್ ಬತ್ತಾರೆ, ನಗೆಪಾಟ್ಲು ಮಾಡ್ಬೇಡ್ರೇ ಅಂದ್ರು. ನಾನೇ...” ಅವಳು ತಡೆದಳು.

“ನೀವೇ?”

“ನಿಮ್ ಹೆಸ್ರು ಹೇಳಿದ ತಕ್ಷಣ ದೊಡ್ಡ ಮೇಡಂ ಒಪ್ಕಂಡ್ರು ಕಣಕ್ಕಾ, ನಿಮಗೋಸ್ಕರಾನೇ ಬತ್ತಾವ್ರೆ ಅಂತ ಅಕ್ಕಂಗೆ ಹೇಳ್ಬಿಟ್ಟಿದೀನಿ. ಅದಕ್ಕೇ ಬಂದು ಕೂತವ್ರೆ. ಮಗಳ ಅತ್ತೆ ಮಾವನ್ನೂ ಕರ್ಕಂಡು ಬಂದವ್ರೆ. ಹೋಗ್ಬೇಡಿ ಮೇಡಂ, ನಿಮ್ ಕಾಲಿಗೆ ಬೀಳ್ತೀನಿ.”

ಹೂವಿನ ಸರ ಇಳಿಬಿಟ್ಟ ಕುರ್ಚಿಯಲ್ಲಿ ಶಾಂತಮ್ಮ ಕುಳಿತಿದ್ದರು. ಹೊಸ ರೇಷ್ಮೆ ಸೀರೆ, ಕೈಗಳು ಮಡಿಲಲ್ಲಿ. ತಲೆ ಎತ್ತುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಬೀಗರು. ಬಂದಿದ್ದು ತಪ್ಪಿನಿಂದ ಎಂದು ಹೇಳಿ ನಾನು ಈಗ ಇಳಿದು ಹೋದರೆ ಆ ಹೆಂಗಸು ಬೀಗರ ಎದುರಿಗೆ ಒಬ್ಬರೇ ಆ ಕುರ್ಚಿಯಲ್ಲಿ ಉಳಿಯುತ್ತಾರೆ. ಇಷ್ಟೇ ನಾನು ಯೋಚಿಸಿದ್ದು. ಅದು ಕರುಣೆಯೇ ಅಥವಾ ಎಲ್ಲರ ಮುಂದೆ ಮೆಟ್ಟಿಲಿಳಿದು ಹೋಗಲು ನನಗಿದ್ದ ಸಂಕೋಚವೇ, ಇವತ್ತಿಗೂ ಬಿಡಿಸಿ ಹೇಳಲಾರೆ. ಲ್ಯಾಪ್‌ಟಾಪಿನ ಚೀಲವನ್ನು ರತ್ನಳ ಕೈಗೆ ಕೊಟ್ಟು ವೇದಿಕೆ ಹತ್ತಿದೆ.

ಶಾಂತಮ್ಮನ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಪ್ರಾರ್ಥನೆ ನಡೆಯುತ್ತಿದ್ದಾಗ ಅವರು ಮೆಲ್ಲಗೆ, “ಕಾಫಿ ಕುಡುದ್ರಾ ಮೇಡಂ?” ಎಂದರು. ಕುಡಿದೆ ಎಂದು ಸುಳ್ಳು ಹೇಳಿ, ಲೈನಿನಲ್ಲಿ ನಿಮ್ಮದು ಏನು ಕೆಲಸವಿತ್ತು ಎಂದು ಕೇಳಿದೆ.

“ಕಾಲರ್.”

“ಅಂದರೆ?”

“ಶರ್ಟಿಗೆ ಕಾಲರ್ ಕೂರ್ಸೋದು.”

ಅಷ್ಟೇ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಪ್ರಾರ್ಥನೆ ಮುಗಿಯಿತು. ರತ್ನ ಮೈಕ್ ಹಿಡಿದು, “ಈಗ ನಮ್ಮ ಮುಖ್ಯ ಅತಿಥಿಗಳು ಶಾಂತಕ್ಕನ ಬಗ್ಗೆ ಮಾತಾಡ್ತಾರೆ” ಎಂದಳು. ಅವಳ ಧ್ವನಿ ನಡುಗುತ್ತಿತ್ತು. ಯಾಕೆಂದು ಆ ಹಾಲಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿದೆ ಎಂದುಕೊಂಡೆ.

ಮೈಕ್ ಎದುರು ನಿಂತಾಗ ನನ್ನ ಬಾಯಿಗೆ ಬಂದದ್ದು ಮನೆಯಿಂದ ತಯಾರಿ ಮಾಡಿಕೊಂಡು ಬಂದಿದ್ದ ಭಾಷಣದ ಮೊದಲ ಸಾಲು. ಎಷ್ಟೋ ಊರುಗಳಲ್ಲಿ ಹೇಳಿದ ಸಾಲು, ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

“ಒಳ್ಳೆಯ ಫಂಕ್ಷನ್ ಅಂದರೆ ಏನು?”

ಹಿಂದಿನಿಂದ ಯಾರೋ ಕೂಗಿದರು: “ಊಟ ಚೆನ್ನಾಗಿರ್ಬೇಕು ಮೇಡಂ!”

ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಕಾನ್ಫರೆನ್ಸ್‌ಗಳಲ್ಲಿ ಈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟದ್ದಿಲ್ಲ. ನನ್ನ ಭಾಷಣದಲ್ಲಿ ಮುಂದಿನ ಸಾಲು, ಒಳ್ಳೆಯ ಫಂಕ್ಷನ್ ಒಂದೇ ಕೆಲಸವನ್ನು ಮಾಡುತ್ತದೆ, ಅದನ್ನೇ ಸರಿಯಾಗಿ ಮಾಡುತ್ತದೆ ಎಂಬುದು. ಅದನ್ನು ಕಾಲರಿಗೆ ಹೊಂದಿಸಿಬಿಡಬಹುದಿತ್ತು. ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಜೀವಮಾನವಿಡೀ ಒಂದೇ ಕೆಲಸ ಮಾಡಿದವರ ಎದುರು ಅದನ್ನೊಂದು ಚಮತ್ಕಾರದಂತೆ ಹೇಳಲು ಬಾಯಿ ಬರಲಿಲ್ಲ.

ನಮ್ಮಂಥ ಭಾಷಣಕಾರರಿಗೆ ಮಾತು ತೋಚದಿದ್ದಾಗ ಬಳಸುವ ಒಂದು ಉಪಾಯವಿದೆ. ಕೇಳುಗರಿಗೇ ಪ್ರಶ್ನೆ ಹಾಕಿ ಕೈ ಎತ್ತಿಸುವುದು. ನಿಮ್ಮಲ್ಲಿ ಎಷ್ಟು ಜನ ಈ ಭಾಷೆ ಬಳಸುತ್ತೀರಿ, ಎಷ್ಟು ಜನಕ್ಕೆ ಈ ತೊಂದರೆ ಬಂದಿದೆ, ಹೀಗೆ. ಅದರಿಂದ ಯೋಚಿಸಲು ಸ್ವಲ್ಪ ಸಮಯ ಸಿಗುತ್ತದೆ, ಇನ್ನೇನಿಲ್ಲ. ಅಂದು ನಾನು ಕೇಳಿದ್ದೂ ಸಮಯಕ್ಕಾಗಿಯೇ.

“ಇಲ್ಲಿ ಶಾಂತಮ್ಮನವರ ಹತ್ತಿರ ಕೆಲಸ ಕಲಿತವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ.”

ಕಾನ್ಫರೆನ್ಸ್‌ಗಳಲ್ಲಿ ಕೈಗಳು ಮೊಣಕೈ ಮಟ್ಟಕ್ಕೆ ಎದ್ದು ಇಳಿಯುತ್ತವೆ. ಇಲ್ಲಿ ಮೊದಲು ಯಾರೂ ಎತ್ತಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರತ್ನ ಎತ್ತಿದಳು. ಆಮೇಲೆ ಅವಳ ಹಿಂದಿನ ಇಬ್ಬರು. ಆಮೇಲೆ ಬಳೆಗಳ ಸದ್ದು ಕೇಳಿಸಿತು. ಸಾಲು ಸಾಲಾಗಿ ಕೈಗಳು ನೇರ ಮೇಲಕ್ಕೆ, ಶಾಲೆಯ ಮಕ್ಕಳು ಎತ್ತುವ ಹಾಗೆ. ಗೋಡೆಗೆ ಒರಗಿ ನಿಂತಿದ್ದವರೂ ಎತ್ತಿದರು. ಊಟದ ಎಲೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಯುವಕನೊಬ್ಬ ಎಲೆಯನ್ನೇ ಎತ್ತಿ, “ನನಗೂ ಅಕ್ಕಾರೇ ಕಲಿಸ್ಯಾರ್ರಿ ಮೇಡಂ” ಎಂದ.

“ಅಪ್ಪಾ, ಉತ್ತರ ಕರ್ನಾಟಕನೂ ಬಂತು” ಎಂದು ಯಾರೋ ಹೆಂಗಸು ಅಂದಳು.

“ಏನು ಕಲಿಸಿದ್ರು?” ಎಂದು ಅವನನ್ನೇ ಕೇಳಿದೆ.

“ಮೊದಲ ಬೈದರ್ರೀ. ಆಮ್ಯಾಲ ಕಲಿಸಿದ್ರು.”

“ನಮಗೂ ಹಂಗೇ!” ಎಂದು ಇನ್ನೊಂದು ದನಿ. “ನಿನ್ ಕೈ ಏನ್ ಸೌಟಾ ಅಂದಿದ್ರು ನಂಗೆ.”

“ನನ್ನ ಟಾರ್ಗೆಟ್ ಮುಗೀದೇ ಅಳ್ತಾ ಕೂತಿದ್ರೆ, ಊಟದ ಟೈಮಲ್ಲಿ ಬಂದು ನನ್ ಪೀಸೆಲ್ಲಾ ಹೊಲ್ದು ಹಾಕೋರು. ಎದ್ದು ಹೋಗಿ ಅನ್ನ ತಿನ್ನೇ ಅನ್ನೋರು.” ಇದನ್ನು ಹೇಳಿದ್ದು ರತ್ನ. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ನಾನು ಮೈಕನ್ನು ಸುಮ್ಮನೆ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ. ಒಬ್ಬರಾದ ಮೇಲೊಬ್ಬರು ಕೂತಲ್ಲಿಂದಲೇ ಹೇಳಿದರು. ನಡುವೆ ತಿರುಗಿ ನೋಡಿದಾಗ ಶಾಂತಮ್ಮ ತಲೆ ಎತ್ತಿದ್ದರು. ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ, ಒಂದು ಸಾಲನ್ನೂ ಬಿಡದೆ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಬೀಗಿತ್ತಿ ಹಿಂದಕ್ಕೆ ತಿರುಗಿ ಎತ್ತಿದ ಕೈಗಳನ್ನು ನೋಡುತ್ತಿದ್ದರು. ಶಾಂತಮ್ಮನ ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡು ನಾನು ಎರಡು ಮಾತು ಹೇಳಿ ಕುಳಿತೆ. ಏನು ಹೇಳಿದೆನೋ ನೆನಪಿಲ್ಲ. ಚೆನ್ನಾಗಿ ಹೇಳಿದೆ ಎಂದು ರತ್ನ ಆಮೇಲೆ ಅಂದಳು, ಆದರೆ ಆ ಹೊತ್ತಿಗೆ ನಾನು ಏನು ಹೇಳಿದ್ದರೂ ಅವಳು ಹಾಗೇ ಅನ್ನುತ್ತಿದ್ದಳು.

ಊಟಕ್ಕೆ ಕುಳಿತಾಗ ಶಾಂತಮ್ಮ ತಾವಾಗಿಯೇ ಬಂದು ನನ್ನ ಪಕ್ಕದ ಎಲೆಗೆ ಕುಳಿತರು. ಕೋಸಂಬರಿ, ಪಲ್ಯ ಬಂದು ಹೋದವು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಬಡಿಸುವವನು ಮುಂದೆ ಹೋದ ಮೇಲೆ, ದನಿ ತಗ್ಗಿಸಿ ಕೇಳಿದರು:

“ನೀವು ಕಂಪ್ಯೂಟರ್ ಮೇಡಂ ಅಲ್ವಾ?”

ನಾನು ಅವರ ಮುಖ ನೋಡಿದೆ.

“ಮಗಳು ನಿನ್ನೇನೇ ಫೋನಲ್ಲಿ ಹುಡುಕಿ ತೋರ್ಸಿದ್ಲು. ಅಮ್ಮಾ, ಇವ್ರು ಯಾರೋ ಬೇರೆ, ರತ್ನಕ್ಕ ಏನೋ ಎಡವಟ್ಟು ಮಾಡ್ಕಂಡವ್ಳೆ ಅಂದ್ಲು.”

“ಗೊತ್ತಿದ್ದೂ ಬಂದ್ರಾ?”

“ಇನ್ನೇನ್ ಮಾಡ್ಲಿ? ಆ ಹುಡ್ಗಿ ಹಾಲ್ ಬಾಡ್ಗೆ, ಅಡ್ಗೆ, ಫ್ಲೆಕ್ಸು ಅಂತ ಅಷ್ಟು ಓಡಾಡವ್ಳೆ. ನೀವು ಹೆಂಗೂ ಬರಲ್ಲ, ಬರ್ದೇ ಇದ್ರೆ ನಮ್ ನಮ್ಮೋರೇ ಉಂಡು ಎದ್ದೋಗೋಣ ಅಂದ್ಕಂಡೆ. ನೀವು ನೋಡಿದ್ರೆ ಬ್ಯಾಗ್ ಹಾಕ್ಕಂಡು ಬಂದೇಬಿಟ್ರಿ.” ಮೊದಲ ಸಲ ನಕ್ಕರು. “ಅವಳಿಗೆ ಹೇಳ್ಬೇಡಿ. ನಂಗೆ ಗೊತ್ತಿಲ್ಲ ಅಂತಾನೇ ಇರ್ಲಿ.”

ಹೇಳುವುದಿಲ್ಲ ಎಂದೆ. ಎಲ್ಲರೂ ಕೈ ಎತ್ತಿದರಲ್ಲ, ನನಗೇ ಆಶ್ಚರ್ಯವಾಯಿತು ಎಂದೂ ಹೇಳಿದೆ. ಅವರಿಗೆ ಹಿತವಾಗಲಿ ಎಂದು ಹೇಳಿದ ಮಾತು ಅದು.

ಶಾಂತಮ್ಮ ಹೋಳಿಗೆ ಮುರಿದರು.

“ಎಲ್ರೂ ಅಲ್ಲ ಮೇಡಂ. ಸರೋಜ ಎತ್ಲಿಲ್ಲ.”

“ಯಾರು?”

ಎದುರಿನ ಸಾಲಿನ ಕಡೆ ಗದ್ದದಿಂದ ತೋರಿಸಿದರು. ನೀಲಿ ಸೀರೆಯ, ಕನ್ನಡಕದ ಹೆಂಗಸೊಬ್ಬರು ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

“ಸೂಜಿಗೆ ದಾರ ಪೋಣಿಸಕ್ಕೂ ಬರ್ತಿರ್ಲಿಲ್ಲ ಅವಳಿಗೆ. ಕೈ ಹಿಡ್ದು ಕಲ್ಸಿದೀನಿ. ಈಗ ನಮ್ ಲೈನಿಗೆ ಸೂಪರ್‌ವೈಸರು. ನನಗೆ ವಯಸ್ಸಾಯ್ತು, ಕೆಲ್ಸ ನಿಧಾನ ಅಂತ ಆಪೀಸಿಗೆ ಹೇಳಿದ್ದು ಅವಳೇ ಅಂತಾರೆ. ನಿಜಾನೋ ಸುಳ್ಳೋ, ನಾನು ಕೇಳಕ್ಕೆ ಹೋಗಿಲ್ಲ. ಆದ್ರೂ ಬಂದವ್ಳಲ್ಲ, ನೋಡಿ.”

ವೇದಿಕೆಯ ಮೇಲಿಂದ ಅವರು ಒಂದು ಸಾಲನ್ನೂ ಬಿಡದೆ ನೋಡಿದ್ದು ಯಾಕೆಂದು ಆಗ ತಿಳಿಯಿತು. ನಾನು ಎತ್ತಿದ ಕೈಗಳನ್ನು ನೋಡಿದ್ದೆ. ಅವರು ಎತ್ತದ ಒಂದು ಕೈಯನ್ನು ಹುಡುಕುತ್ತಿದ್ದರು. ನನ್ನ ಪ್ರಶ್ನೆಯಿಂದಾಗಿಯೇ ಅದು ಅವರಿಗೆ ಕಂಡಿತು. ಕ್ಷಮೆ ಕೇಳಿದರೆ ಹಾಸ್ಯಾಸ್ಪದವಾಗುತ್ತಿತ್ತು.

ಅಷ್ಟರಲ್ಲಿ ಬಡಿಸುವವನು ಎದುರಿನ ಸಾಲಿಗೆ ಬಂದಿದ್ದ. ನೀಲಿ ಸೀರೆಯ ಹೆಂಗಸು ಎಲೆಗೆ ಕೈ ಅಡ್ಡ ಹಿಡಿದು ಸಾಕೆಂದರು. ಶಾಂತಮ್ಮ ಕುಳಿತಲ್ಲಿಂದಲೇ, ಎಲ್ಲರಿಗೂ ಕೇಳಿಸುವಂತೆ ಜೋರಾಗಿ ಕೂಗಿದರು:

“ಲೇ ಸರೋಜಾ, ಕೈ ತೆಗಿಯೇ! ಇನ್ನೊಂದು ಹಾಕಿಸ್ಕೋ. ನನ್ ಫಂಕ್ಷನ್ ಕಣೇ ಇದು.”

ಸರೋಜ ಕೈ ತೆಗೆದರು. ಹೋಳಿಗೆ ಎಲೆಗೆ ಬಿತ್ತು.

ಅದು ಪ್ರೀತಿಯೋ, ಚುಚ್ಚು ಮಾತೋ, ಎರಡೂ ಹೌದೋ ನಾನು ಹೇಳಲಾರೆ. ಶಾಂತಮ್ಮ ಮತ್ತೆ ತಮ್ಮ ಎಲೆಯ ಕಡೆ ತಿರುಗಿ ಊಟ ಮುಂದುವರಿಸಿದರು.

ಅಂದು ಸಂಜೆ ಮನೆಗೆ ಬಂದು ಗಂಡನಿಗೆ ಈ ಕಥೆ ಹೇಳಿದೆ. ಇಬ್ಬರೂ ತುಂಬ ನಕ್ಕೆವು. ಆಮೇಲೆ ಒಂದೆರಡು ಕಾನ್ಫರೆನ್ಸ್‌ಗಳಲ್ಲಿ ವೇದಿಕೆಯ ಮೇಲಿಂದಲೂ ಹೇಳಿದ್ದೇನೆ. ಕೈ ಎತ್ತಿದ ಜಾಗಕ್ಕೆ ಬಂದಾಗ ಜನ ಚಪ್ಪಾಳೆ ತಟ್ಟುತ್ತಾರೆ. ಹಾಗೆ ಹೇಳುವಾಗಲೆಲ್ಲ ಹಾಲ್‌ಗೆ ಹಾಲೇ ಕೈ ಎತ್ತಿತು ಎಂದೇ ಹೇಳಿದ್ದೇನೆ. ಬೇಕೆಂದು ಮುಚ್ಚಿಟ್ಟದ್ದಲ್ಲ. ಕಥೆ ಅಲ್ಲಿಗೆ ಮುಗಿದರೆ ಚೆನ್ನಾಗಿರುತ್ತಿತ್ತು, ನನ್ನ ನೆನಪು ಅಲ್ಲಿಗೇ ನಿಲ್ಲುತ್ತಿತ್ತು. ಈ ಬರಹಕ್ಕೆ ಕುಳಿತು, ಊಟದಲ್ಲಿ ಏನೇನಿತ್ತು ಎಂದು ಜ್ಞಾಪಿಸಿಕೊಳ್ಳುವಾಗ ಹೋಳಿಗೆ ನೆನಪಾಯಿತು. ಅದರ ಹಿಂದೆ ಸರೋಜ.

ಸರೋಜ ಆ ಎರಡನೆಯ ಹೋಳಿಗೆಯನ್ನು ತಿಂದರೋ, ಎಲೆಯಲ್ಲೇ ಬಿಟ್ಟು ಎದ್ದರೋ ನೋಡಬೇಕಿತ್ತು. ನಾನು ಮಜ್ಜಿಗೆ ಕೇಳುತ್ತಿದ್ದೆ.